ಶ್ವಾಸಕೋಶಕ್ಕೂ ಒಂದು ಗಡಿಯಾರ

ಅರಿವಳಿಕೆ ಡಾಕ್ಟ್ರಿಗೂ ನ್ಯುಮೋನಿಯಾಕ್ಕೂ ಏನು ನಂಟು ಅಂತ ನೀವು ಕೇಳಬಹುದು. ಆಪರೇಷನ್ ಥಿಯೇಟರಿನಷ್ಟೇ ಐಸಿಯು, ವೆಂಟಿಲೇಟರ್ ಕೂಡ ಅವರ ಕೆಲಸದ ಜಾಗ. ವೆಂಟಿಲೇಟರಿನಲ್ಲಿ ಇದ್ದವರಿಗೇ ನ್ಯುಮೋನಿಯಾ ತಗಲುವುದೂ ಉಂಟು. ಹಾಗಾಗಿ ಅವರಲ್ಲಿ ಕೆಲವರ ಸಂಶೋಧನೆ ದೇಹದ ಗಡಿಯಾರದ ಕಡೆ ಹೊರಳಿದೆ.

ಈ ಗಡಿಯಾರ ನಮ್ಮೂರಿಗೆ ಹೊಸದಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹಣ್ಣುನೊಣಗಳನ್ನಿಟ್ಟುಕೊಂಡು ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. 2017ರ ವೈದ್ಯಕೀಯ ನೊಬೆಲ್ ಬಂದದ್ದೂ ನೊಣದ ಗಡಿಯಾರಕ್ಕೇ. ಶ್ವಾಸಕೋಶಕ್ಕೂ ತನ್ನದೇ ಗಡಿಯಾರವಿದೆ. ಮ್ಯಾಂಚೆಸ್ಟರಿನ ವಿಜ್ಞಾನಿಗಳು ಇಲಿಗಳ ಶ್ವಾಸನಾಳದ ಒಳಪದರದಲ್ಲಿ ಅದನ್ನು ಕೆಡಿಸಿ ನೋಡಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು: ಉರಿಯೂತ ಮಿತಿಮೀರಿತ್ತು, ನ್ಯುಮೋನಿಯಾ ಬ್ಯಾಕ್ಟೀರಿಯಾ ಎದುರಿಸುವ ಶಕ್ತಿ ಕುಗ್ಗಿತ್ತು.

ಇಲಿಯ ಮಾತು ಮನುಷ್ಯರಿಗೆ ಹಾಗೇ ಅನ್ವಯಿಸಲ್ಲ, ನಿಜ. ಆದರೆ ಗಡಿಯಾರ ತಪ್ಪುವುದು ಅಂದರೇನು ಅಂತ ಹಲಸೂರಿನ ನಮ್ಮ ಮಾವನವರು ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದಾಗ ಕಣ್ಣಾರೆ ಕಂಡೆ. ಅಲ್ಲಿ ರಾತ್ರಿಯೇ ಇಲ್ಲ. ಸದಾ ಟ್ಯೂಬ್‌ಲೈಟು, ಮಾನಿಟರಿನ ಬೀಪ್. ಮಧ್ಯಾಹ್ನ ಮೂರಕ್ಕೆ 'ಬೆಳಗಾಯ್ತೇನಮ್ಮಾ?' ಅಂದರು. 'ಬಂದಾಗೆಲ್ಲ ಹೊತ್ತು ಹೇಳ್ತಾ ಇರಿ, ರಾತ್ರಿ ಕಣ್ಣಿಗೆ ಪಟ್ಟಿ ಕಟ್ತೀವಿ' ಅಂತ ಅಲ್ಲಿನ ಅರಿವಳಿಕೆ ಡಾಕ್ಟ್ರು ಹೇಳಿದರು. ಆಮೇಲೆ ದಿನಾ ಹೋದ ಕೂಡಲೇ ಕನ್ನಡಕ ಹಾಕಿಸಿ, ಗಂಟೆ ಎಷ್ಟು ಅಂತ ತಿಳಿಸಿ, ಸೋಮೇಶ್ವರನ ಗುಡಿ ಬೀದಿಯ ಸುದ್ದಿ ಹೇಳುತ್ತಿದ್ದೆ. ಸೋಂಕು ಇಳಿಸಿದ್ದು ಆಂಟಿಬಯೋಟಿಕ್ಕೇ. ನಿದ್ದೆ ಬಂದದ್ದು ನಾಲ್ಕನೇ ರಾತ್ರಿ.