ಬಾಡಿಗೆ ಮನೆಗಳ ಸಾಲದ ಬಡ್ಡಿಯ ಮೇಲಿನ ತೆರಿಗೆ ನಿರ್ಬಂಧ (ಬ್ರಿಟನ್)

ಬ್ರಿಟನ್ನಿನಲ್ಲಿ ವಾಸದ ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ ವ್ಯಕ್ತಿಗಳು ಆ ಮನೆಗಳ ಸಾಲಕ್ಕೆ ಕಟ್ಟುವ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಕಳೆದು, ಉಳಿದುದಕ್ಕೆ ಮಾತ್ರ ತೆರಿಗೆ ಕೊಡುವ ಪದ್ಧತಿ ಬಹುಕಾಲ ನಡೆದುಬಂದಿತ್ತು. ಈ ಪದ್ಧತಿಯನ್ನು ಕೊನೆಗೊಳಿಸಿದ ನಿಯಮವು 2015ರ ಎರಡನೆಯ ಹಣಕಾಸು ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿದೆ. ಆದ್ದರಿಂದ ಅಲ್ಲಿನ ಮನೆಮಾಲೀಕರ ನಡುವೆ ಇದು 'ಸೆಕ್ಷನ್ 24' ಎಂದೇ ಪ್ರಸಿದ್ಧವಾಗಿದೆ. 2017ರ ಏಪ್ರಿಲ್‌ನಿಂದ ಹಂತಹಂತವಾಗಿ ಜಾರಿಗೆ ಬಂದ ಇದು 2020ರ ಏಪ್ರಿಲ್‌ನಿಂದ ಪೂರ್ಣವಾಗಿ ಅನ್ವಯಿಸುತ್ತಿದೆ.

ಭಾರತದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಮನೆ ಸಾಲದ ಬಡ್ಡಿಯ ವಿಷಯ 24ನೇ ಸೆಕ್ಷನ್ನಿನಲ್ಲಿಯೇ ಬಂದಿರುವುದು ಕಾಕತಾಳೀಯ. ಅದು ಬಡ್ಡಿಯನ್ನು ಕಳೆಯಲು ಅವಕಾಶ ಕೊಡುವ ಸೆಕ್ಷನ್. ಬ್ರಿಟನ್ನಿನದು ಆ ಅವಕಾಶವನ್ನು ಹಿಂತೆಗೆದುಕೊಂಡ ಸೆಕ್ಷನ್. ಇವೆರಡನ್ನೂ ಒಂದೆಂದು ತಿಳಿಯಬಾರದು.

ಹಿನ್ನೆಲೆ

1988ರ ವಸತಿ ಕಾಯ್ದೆಯು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಡಿಗೆ ಕರಾರುಗಳನ್ನು ಸಡಿಲಗೊಳಿಸಿತು. 1996ರಲ್ಲಿ ಬಾಡಿಗೆಗೆ ಕೊಡುವ ಉದ್ದೇಶದಿಂದಲೇ ಮನೆ ಕೊಳ್ಳುವವರಿಗಾಗಿ 'ಬೈ ಟು ಲೆಟ್' ಎಂಬ ಅಡಮಾನ ಸಾಲಗಳು ಬಂದವು. ಇವೆರಡರ ಫಲವಾಗಿ ನಿವೃತ್ತಿ ಕಾಲದ ಆಸರೆಗೆಂದು ಸಾಲ ಮಾಡಿ ಒಂದೆರಡು ಮನೆ ಕೊಳ್ಳುವ ನೌಕರವರ್ಗದ ಮಾಲೀಕರು ಹೆಚ್ಚಿದರು. ಇವರಲ್ಲಿ ಅನೇಕರು ಪ್ರತಿ ತಿಂಗಳು ಬಡ್ಡಿಯನ್ನು ಮಾತ್ರ ಕಟ್ಟಿ, ಅಸಲನ್ನು ಅವಧಿಯ ಕೊನೆಗೆ ತೀರಿಸುವ ಸಾಲ ಮಾಡಿದವರು. ಹೀಗಾಗಿ ಬಡ್ಡಿಯೇ ಅವರ ಅತಿ ದೊಡ್ಡ ವೆಚ್ಚವಾಗಿತ್ತು.

2015ರ ಜುಲೈ 8ರಂದು ಮಂಡಿಸಿದ ಬೇಸಿಗೆಯ ಮುಂಗಡಪತ್ರದಲ್ಲಿ ಅರ್ಥಸಚಿವ ಜಾರ್ಜ್ ಆಸ್ಬರ್ನ್ ಈ ಬದಲಾವಣೆಯನ್ನು ಘೋಷಿಸಿದರು. ಸ್ವಂತ ವಾಸಕ್ಕೆ ಮನೆ ಕೊಳ್ಳುವವರಿಗೆ ಬಡ್ಡಿಯ ಮೇಲಿನ ತೆರಿಗೆ ರಿಯಾಯಿತಿ 2000ದಲ್ಲಿಯೇ ನಿಂತುಹೋಗಿತ್ತು. ಹೀಗಿರುವಾಗ ಮಾಲೀಕರಿಗೆ ಮಾತ್ರ, ಅದರಲ್ಲಿಯೂ ಶ್ರೀಮಂತ ಮಾಲೀಕರಿಗೆ ಶೇ. 45ರವರೆಗೆ ರಿಯಾಯಿತಿ ದೊರೆಯುವುದು ಅನ್ಯಾಯವೆಂಬುದು ಸರ್ಕಾರದ ವಾದ. ಹಣಕಾಸು ಅಧ್ಯಯನ ಸಂಸ್ಥೆಯು (ಐಎಫ್‌ಎಸ್) ಈ ಹೋಲಿಕೆಯನ್ನು ಒಪ್ಪಲಿಲ್ಲ. ಸ್ವಂತ ಮನೆಯಲ್ಲಿ ವಾಸಿಸುವವರು ಬಾಡಿಗೆ ಆದಾಯದ ಮೇಲೆ ತೆರಿಗೆ ಕೊಡುವ ಪ್ರಶ್ನೆಯೇ ಇಲ್ಲ. ಮನೆ ಮಾರಿದಾಗ ಸಾಮಾನ್ಯವಾಗಿ ಬಂಡವಾಳ ಲಾಭದ ತೆರಿಗೆಯೂ ಇಲ್ಲ. ಮಾಲೀಕರು ಎರಡನ್ನೂ ಕೊಡುತ್ತಾರೆ. ಒಂದು ಪಕ್ಕದ ರಿಯಾಯಿತಿಯನ್ನಷ್ಟೇ ನೋಡಿದರೆ ತಕ್ಕಡಿ ಸರಿಯಾಗಿ ತೂಗದು ಎಂಬ ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ.

ನಿಯಮದ ಸ್ವರೂಪ

ಹಿಂದೆ ಬಡ್ಡಿಯು ರಿಪೇರಿ, ವಿಮೆಗಳಂತೆ ಒಂದು ವೆಚ್ಚವಾಗಿತ್ತು. ಈಗ ಬಡ್ಡಿಯನ್ನು ಕಳೆಯದೆಯೇ ಆದಾಯವನ್ನು ಲೆಕ್ಕ ಹಾಕಿ, ಅದರ ಮೇಲೆ ತೆರಿಗೆಯನ್ನು ನಿಗದಿಪಡಿಸಿ, ಆ ತೆರಿಗೆಯಲ್ಲಿ ಬಡ್ಡಿಯ ಶೇ. 20ರಷ್ಟನ್ನು ಇಳಿಸಲಾಗುತ್ತದೆ. 2017–18ರಲ್ಲಿ ಬಡ್ಡಿಯ ಶೇ. 75, ಮರುವರ್ಷ ಶೇ. 50, 2019–20ರಲ್ಲಿ ಶೇ. 25 ಭಾಗವನ್ನು ಹಳೆಯ ರೀತಿಯಲ್ಲಿ ಕಳೆಯಲು ಬಿಡಲಾಗಿತ್ತು. ಬಡ್ಡಿಯಲ್ಲದೆ, ಸಾಲ ಪಡೆಯುವಾಗ ಕೊಡುವ ಶುಲ್ಕಗಳಿಗೂ ಪೀಠೋಪಕರಣಗಳಿಗಾಗಿ ಮಾಡಿದ ಸಾಲದ ಬಡ್ಡಿಗೂ ಇದೇ ನಿಯಮ. ಅಸಲಿನ ಮರುಪಾವತಿಗೆ ರಿಯಾಯಿತಿ ಹಿಂದೆಯೂ ಇರಲಿಲ್ಲ.

ಶೇ. 20ರ ದರದಲ್ಲಿ ತೆರಿಗೆ ಕೊಡುವವರಿಗೆ ಮೇಲ್ನೋಟಕ್ಕೆ ವ್ಯತ್ಯಾಸವಿಲ್ಲ. ತೊಂದರೆ ಇರುವುದು ಆ ಮೇಲ್ನೋಟದಲ್ಲಿಯೇ. ಬಡ್ಡಿಯನ್ನು ಕಳೆಯದ ಕಾರಣ ಕಾಗದದ ಮೇಲಿನ ಆದಾಯ ಉಬ್ಬಿ, ಮಾಲೀಕನು ಶೇ. 40ರ ವರ್ಗಕ್ಕೆ ಏರಿಬಿಡಬಹುದು.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ ತೆರಿಗೆರಹಿತ ಮಿತಿ 12,570 ಪೌಂಡ್, ಶೇ. 40ರ ದರ 50,270 ಪೌಂಡ್‌ಗಳ ನಂತರ ಆರಂಭವಾಗುತ್ತದೆ. ಒಬ್ಬ ಮಾಲೀಕನ ಸಂಬಳ 40,000, ಇತರ ಖರ್ಚು ಕಳೆದು ಉಳಿಯುವ ಬಾಡಿಗೆ 20,000, ಸಾಲದ ಬಡ್ಡಿ 12,000 ಪೌಂಡ್ ಎಂದಿಟ್ಟುಕೊಳ್ಳೋಣ. ಬಾಡಿಗೆಯಿಂದ ಅವನ ಕೈಗೆ ನಿಜವಾಗಿ ಉಳಿಯುವುದು 8,000. ಹಳೆಯ ಪದ್ಧತಿಯಲ್ಲಿ ಆ 8,000ಕ್ಕೆ 1,600 ಪೌಂಡ್ ತೆರಿಗೆ. ಹೊಸ ಪದ್ಧತಿಯಲ್ಲಿ ಅವನ ಒಟ್ಟು ಆದಾಯ 60,000 ಎಂದಾಗುತ್ತದೆ. ತೆರಿಗೆ 11,432, ಬಡ್ಡಿಯ ಶೇ. 20 ಎಂದು 2,400 ಇಳಿಸಿದರೆ 9,032. ಸಂಬಳವೊಂದಕ್ಕೇ ಕೊಡಬೇಕಾಗಿದ್ದ 5,486ನ್ನು ಇದರಲ್ಲಿ ಕಳೆದರೆ, ಬಾಡಿಗೆಯ ಪಾಲಿನ ತೆರಿಗೆ 3,546 ಪೌಂಡ್. ಹಿಂದಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಈಗ ಬಡ್ಡಿ 18,000ಕ್ಕೆ ಏರಿತೆನ್ನೋಣ. ಕೈಗೆ ಉಳಿಯುವುದು 2,000 ಮಾತ್ರ. ಆದರೆ ಬಾಡಿಗೆಯ ಪಾಲಿನ ತೆರಿಗೆ 2,346 ಪೌಂಡ್. ಲಾಭಕ್ಕಿಂತ ತೆರಿಗೆಯೇ ಹೆಚ್ಚಾಗಿ, ಮಾಲೀಕನು 346 ಪೌಂಡ್‌ಗಳನ್ನು ಸಂಬಳದಿಂದ ತುಂಬಬೇಕು. ಮಾಲೀಕರ ಅಳಲಿನ ತಿರುಳು ಇದೇ: ಗಳಿಸದ ಹಣಕ್ಕೂ ತೆರಿಗೆ.

ಉಬ್ಬಿದ ಈ ಆದಾಯ ಬೇರೆಡೆಯೂ ಕಾಡುತ್ತದೆ. ಒಟ್ಟು ಆದಾಯ 60,000 ಪೌಂಡ್ (2024ರ ಏಪ್ರಿಲ್‌ಗೆ ಮೊದಲು 50,000) ದಾಟಿದರೆ ಮಕ್ಕಳ ಭತ್ಯೆಯನ್ನು ಕ್ರಮೇಣ ಹಿಂದಿರುಗಿಸಬೇಕು. ಒಂದು ಲಕ್ಷ ದಾಟಿದರೆ ತೆರಿಗೆರಹಿತ ಮಿತಿಯೇ ಕರಗತೊಡಗುತ್ತದೆ.

ಅನ್ವಯ

ವ್ಯಕ್ತಿಗಳು, ಪಾಲುದಾರಿಕೆಯಲ್ಲಿರುವ ವ್ಯಕ್ತಿಗಳು ಮತ್ತು ಟ್ರಸ್ಟ್‌ಗಳು ಇದರ ವ್ಯಾಪ್ತಿಗೆ ಬರುತ್ತವೆ. ಬ್ರಿಟನ್ನಿನ ಹೊರಗೆ ನೆಲೆಸಿರುವ ಮಾಲೀಕರೂ ಹೊರತಲ್ಲ; ಅಲ್ಲಿ ದುಡಿದು ಬೆಂಗಳೂರಿಗೆ ಮರಳಿದವರು ಅಲ್ಲಿನ ಮನೆಯನ್ನು ಬಾಡಿಗೆಗೆ ಬಿಟ್ಟಿದ್ದರೆ ಅವರಿಗೂ ಅನ್ವಯಿಸುತ್ತದೆ. ಅಂಗಡಿ, ಕಚೇರಿಗಳಂಥ ವಾಣಿಜ್ಯ ಕಟ್ಟಡಗಳಿಗೆ ಅನ್ವಯವಿಲ್ಲ. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಸುಸಜ್ಜಿತ ಮನೆಗಳಿಗಿದ್ದ ವಿನಾಯಿತಿ 2025ರ ಏಪ್ರಿಲ್‌ನಲ್ಲಿ ರದ್ದಾಯಿತು.

ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದುದು ಕಂಪನಿಗಳಿಗಿರುವ ವಿನಾಯಿತಿ. ಅವು ಇಂದಿಗೂ ಬಡ್ಡಿಯನ್ನು ಪೂರ್ತಿಯಾಗಿ ಕಳೆಯಬಹುದು. ಆದ್ದರಿಂದ ಹೊಸದಾಗಿ ಮನೆ ಕೊಳ್ಳುವವರಲ್ಲಿ ಅನೇಕರು ಕಂಪನಿಯ ಹೆಸರಿನಲ್ಲಿ ಕೊಳ್ಳತೊಡಗಿದರು. ಹಳೆಯ ಮಾಲೀಕರಿಗೆ ಈ ದಾರಿ ಸುಲಭವಲ್ಲ. ತನ್ನದೇ ಮನೆಯನ್ನು ತನ್ನದೇ ಕಂಪನಿಗೆ ವರ್ಗಾಯಿಸಿದರೂ ಅದು ಮಾರಾಟವೆನಿಸಿ, ಬಂಡವಾಳ ಲಾಭದ ತೆರಿಗೆಯೂ ಮುದ್ರಾಂಕ ಶುಲ್ಕವೂ ಬೀಳಬಹುದು.

ವಿರೋಧ ಮತ್ತು ಪರಿಣಾಮ

ವ್ಯಕ್ತಿ ಮತ್ತು ಕಂಪನಿಗಳ ನಡುವಿನ ಈ ಭೇದವನ್ನೇ ಹಿಡಿದು ಮಾಲೀಕರು ಸಾರ್ವಜನಿಕರಿಂದ ಹಣ ಸಂಗ್ರಹಿಸಿ ನ್ಯಾಯಾಲಯದ ಮೆಟ್ಟಿಲೇರಿದರು. ಮಾಜಿ ಪ್ರಧಾನಿ ಟೋನಿ ಬ್ಲೇರ್ ಅವರ ಪತ್ನಿ, ವಕೀಲೆ ಶೆರೀ ಬ್ಲೇರ್ ಅವರ ಸಂಸ್ಥೆ ಅವರ ಪರವಾಗಿತ್ತು. 2016ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ವಿಚಾರಣೆಗೆ ಅನುಮತಿ ನಿರಾಕರಿಸಿತು.

ತೆರಿಗೆಯ ಹೊರೆ ಕೊನೆಗೆ ಬಾಡಿಗೆದಾರರ ಮೇಲೆಯೇ ಬೀಳುವುದೆಂದು ವಿರೋಧಿಗಳು ಇದನ್ನು 'ಬಾಡಿಗೆದಾರರ ತೆರಿಗೆ' ಎಂದು ಕರೆದರು. ಮುಂದೆ ಬಾಡಿಗೆಗಳು ಏರಿದುದು ನಿಜ. ಆದರೆ 2016ರ ಏಪ್ರಿಲ್‌ನಿಂದ ಹೆಚ್ಚುವರಿ ಮನೆಗಳ ಮೇಲೆ ಶೇ. 3ರ ಅಧಿಕ ಮುದ್ರಾಂಕ ಶುಲ್ಕವೂ ಬಂದಿತ್ತು. ಮನೆಗಳ ಅಭಾವವೂ ಇತ್ತು. ಏರಿಕೆಯಲ್ಲಿ ಈ ಒಂದು ನಿಯಮದ ಪಾಲೆಷ್ಟೆಂದು ಬೇರ್ಪಡಿಸಿ ಹೇಳುವುದು ಕಷ್ಟ.

ನಿಯಮದ ಬಿಸಿ ತೀವ್ರವಾಗಿ ತಟ್ಟಿದ್ದು ತಡವಾಗಿ. ಘೋಷಣೆಯ ವೇಳೆಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿದರ ಶೇ. 0.5 ಇತ್ತು. 2021ರ ಡಿಸೆಂಬರ್‌ನಿಂದ ಏರತೊಡಗಿದ ದರ 2023ರ ಆಗಸ್ಟ್‌ನಲ್ಲಿ ಶೇ. 5.25 ಮುಟ್ಟಿತು. ಮೇಲಿನ ಎರಡನೆಯ ಲೆಕ್ಕ ಆಗ ಅನೇಕರ ಮನೆಯ ಲೆಕ್ಕವಾಯಿತು.

ಇತರ ದೇಶಗಳು

ಐರ್ಲೆಂಡ್ 2009ರಲ್ಲಿ ಬಡ್ಡಿಯ ಶೇ. 75ನ್ನು ಮಾತ್ರ ಕಳೆಯಲು ಬಿಟ್ಟಿತ್ತು. 2019ರಿಂದ ಪೂರ್ಣ ಅವಕಾಶವನ್ನು ಮರಳಿಸಿತು. ನ್ಯೂಜಿಲೆಂಡ್ 2021ರ ಅಕ್ಟೋಬರ್‌ನಲ್ಲಿ ಇಂಥದೇ ನಿರ್ಬಂಧವನ್ನು ತಂದು, ಸರ್ಕಾರ ಬದಲಾದ ಮೇಲೆ 2025ರ ಏಪ್ರಿಲ್ ವೇಳೆಗೆ ಪೂರ್ತಿಯಾಗಿ ತೆಗೆದುಹಾಕಿತು. ಭಾರತದ 1961ರ ಕಾಯ್ದೆಯಡಿ ಬಾಡಿಗೆ ಮನೆಯ ಬಡ್ಡಿಯನ್ನು ಪೂರ್ತಿ ಕಳೆಯಬಹುದಾದರೂ, ಅದರಿಂದಾಗುವ ನಷ್ಟವನ್ನು ಇತರ ಆದಾಯದೊಂದಿಗೆ ಹೊಂದಿಸಲು 2017ರ ಹಣಕಾಸು ಕಾಯ್ದೆಯು ವರ್ಷಕ್ಕೆ 2 ಲಕ್ಷ ರೂಪಾಯಿಗಳ ಮಿತಿ ಹಾಕಿತು.

ಬ್ರಿಟನ್ನಿನಲ್ಲಿ ಸರ್ಕಾರ ಬದಲಾದರೂ ನಿಯಮ ಬದಲಾಗಲಿಲ್ಲ. 2025ರ ನವೆಂಬರ್‌ನ ಮುಂಗಡಪತ್ರದಲ್ಲಿ ಅರ್ಥಸಚಿವೆ ರೇಚಲ್ ರೀವ್ಸ್, 2027ರ ಏಪ್ರಿಲ್‌ನಿಂದ ಆಸ್ತಿಯ ಆದಾಯಕ್ಕೆ ಶೇ. 22, 42 ಮತ್ತು 47ರ ಪ್ರತ್ಯೇಕ ದರಗಳನ್ನು ಘೋಷಿಸಿದರು. ಬಡ್ಡಿಯ ಮೇಲಿನ ಇಳಿತವೂ ಶೇ. 20ರಿಂದ 22ಕ್ಕೆ ಏರಲಿದೆ.