ಜೀವಶಾಸ್ತ್ರದ ತರಗತಿಯೂ ಅದರ ಕಟ್ಟಳೆಗಳೂ

ಹತ್ತನೆಯ ತರಗತಿಯ ಫಲಿತಾಂಶವು ಪ್ರಕಟವಾಗುವ ಕಾಲಕ್ಕೆ ಸರಿಯಾಗಿ ನಮ್ಮ ಮನೆಯ ಜಗುಲಿಗೆ ತಂದೆತಾಯಿಗಳು ಬರತೊಡಗುವುದು ವಾಡಿಕೆಯಾಗಿದೆ. ಮಗನೋ ಮಗಳೋ ವಿಜ್ಞಾನವನ್ನು, ಅದರಲ್ಲಿಯೂ ಜೀವಶಾಸ್ತ್ರವನ್ನೇ ಓದಬೇಕೆಂದು ಹಟಮಾಡುತ್ತಿರುವುದಾಗಿ ಹೇಳಿ, ಅದು ಎಂತಹ ವಿದ್ಯೆ, ಅಲ್ಲಿ ಮಕ್ಕಳಿಂದ ಏನನ್ನು ಅಪೇಕ್ಷಿಸುತ್ತಾರೆ, ಮನೆಯವರು ಮಾಡತಕ್ಕದ್ದೇನು ಎಂದು ವಿಚಾರಿಸುತ್ತಾರೆ. ನಾವಾದರೋ ಜೀವಶಾಸ್ತ್ರವನ್ನು ಓದಿದವರಲ್ಲ. ಕಾಕನಕೋಟೆಯ ಸೀಮೆಯ ಒಂದು ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗದಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹೇಳಿಕೊಟ್ಟು ನಿವೃತ್ತರಾದವರು. ಆದರೆ ನಮ್ಮ ಕೊಠಡಿಗೂ ಜೀವಶಾಸ್ತ್ರದ ಪ್ರಯೋಗಶಾಲೆಗೂ ನಡುವಣ ಗೋಡೆಯು ಹೆಂಚಿನ ಮಾಡಿನವರೆಗೆ ಮುಟ್ಟಿರಲಿಲ್ಲ. ಆಚೆಯ ಮಾತೆಲ್ಲ ಈಚೆಗೆ ಕೇಳಿಸುತ್ತಿತ್ತು. ಈಚೆಯದು ಆಚೆಗೂ ಕೇಳಿಸುತ್ತಿದ್ದಿರಬೇಕು. ಏಕೆಂದರೆ ಸಂಸ್ಕೃತದ ಗಂಧವಿಲ್ಲದ ಪಿಯುಸಿ ಹುಡುಗರು ನಮ್ಮನ್ನು ಕಂಡಾಗಲೆಲ್ಲ ರಾಮಶಬ್ದದ ಎಂಟು ವಿಭಕ್ತಿಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಹೀಗೆ ಗೋಡೆಯ ಮೇಲಿಂದ ಕಲಿತ ಅಲ್ಪಸ್ವಲ್ಪವನ್ನು ವಾಚಕ ಮಹಾಶಯರ ಮುಂದಿಡುತ್ತೇವೆ.

ಮೊದಲು ಲೆಕ್ಕದ ಮಾತು. ಇದು ಎರಡು ವರ್ಷಗಳ ವ್ಯಾಸಂಗ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳೊಡನೆ ಜೀವಶಾಸ್ತ್ರವನ್ನು ಹಿಡಿಯುವವರೇ ಹೆಚ್ಚು. ನೂರು ಅಂಕಗಳಲ್ಲಿ 70 ಲಿಖಿತ ಪರೀಕ್ಷೆಗೆ, 30 ಪ್ರಯೋಗಕ್ಕೆ. ಹಾಜರಿಯು ನೂರಕ್ಕೆ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರುವುದು ದುಸ್ತರ. ವೈದ್ಯರಾಗಬೇಕೆಂಬವರು ಬರೆಯುವ ನೀಟ್ ಪರೀಕ್ಷೆಯ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರಕ್ಕೇ ಸೇರಿದವು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಕಳೆತ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳಿಗೆ ಪಾಠವೆಲ್ಲ ಒಮ್ಮೆಲೆ ಇಂಗ್ಲಿಷಿಗೆ ತಿರುಗುವುದು ಇವೆಲ್ಲಕ್ಕಿಂತ ದೊಡ್ಡ ಪೆಟ್ಟು. ಮೊದಲ ಮೂರು ತಿಂಗಳಲ್ಲಿ ಮಗುವು ಮಂಕಾಗಿ ಮನೆಗೆ ಬಂದರೆ ಅದನ್ನು ಬುದ್ಧಿಮಾಂದ್ಯವೆಂದು ಎಣಿಸಬೇಡಿರೆಂದು ನಾವು ಎಲ್ಲರಿಗೂ ಹೇಳುವುದುಂಟು.

ಆಚೆಯ ಕೊಠಡಿಯ ಅಧ್ಯಾಪಿಕೆಯವರು ಮೊದಲ ದಿನವೇ ತಮ್ಮ ಕಟ್ಟಳೆಗಳನ್ನು ಓದಿ ಹೇಳುತ್ತಿದ್ದರು. ಕೂದಲನ್ನು ಬಿಗಿದು ಕಟ್ಟಿರಬೇಕು. ಪ್ರಯೋಗಶಾಲೆಯಲ್ಲಿ ತಿನ್ನಕೂಡದು, ಯಾವುದನ್ನೂ ನಾಲಗೆಗೆ ಮುಟ್ಟಿಸಕೂಡದು. ಗಾಜನ್ನು ಒಡೆದು ತಿಳಿಸಿದವರಿಗೆ ದಂಡವಿಲ್ಲ, ಮುಚ್ಚಿಟ್ಟವರಿಗೆ ಉಂಟು. ಅರ್ಥವಾಗದ್ದನ್ನು ಕನ್ನಡದಲ್ಲಿಯೇ ಕೇಳಬಹುದು, ಕೇಳದೆ ಇರಕೂಡದು. ಇವು ಎಲ್ಲ ಊರಿಗೂ ಹೊಂದುವಂಥವು. ಎರಡು ಮಾತ್ರ ನಮ್ಮ ಸೀಮೆಗೇ ವಿಶೇಷವಾಗಿದ್ದವು. ಮೊದಲನೆಯದು, ಕಾಡಿನಿಂದ ಏನನ್ನೂ ತರಕೂಡದೆಂಬುದು. ಒಬ್ಬ ಹುಡುಗನು ಉದುರಿಬಿದ್ದ ಜಿಂಕೆಯ ಕೊಂಬನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದನು. 1972ರ ವನ್ಯಜೀವಿ ಕಾಯಿದೆಯ ಮೇರೆಗೆ ಅದನ್ನು ಇಟ್ಟುಕೊಳ್ಳುವುದೂ ಅಪರಾಧವೆಂದು ತಿಳಿದಾಗ ಪಾಪ, ಬೆವೆತುಹೋದನು. ಎರಡನೆಯದು, ಗಂಟೆ ಹೊಡೆದ ಮೇಲೆ ಬಂದವರು ಹೊರಗೆ ನಿಲ್ಲತಕ್ಕದ್ದು, ಆನೆಯ ದೆಸೆಯಿಂದ ತಡವಾದವರನ್ನು ಬಿಟ್ಟು. ಇದನ್ನು ಕೇಳಿ ಪಟ್ಟಣದವರು ನಗುತ್ತಾರೆ. ಮಾನಂದವಾಡಿಯ ರಸ್ತೆಯು ಅಂತರಸಂತೆಯನ್ನು ದಾಟಿ ಕಾಡನ್ನು ಹೊಕ್ಕಮೇಲೆ ಅಲ್ಲಿ ಮುಂದೆ ಹೋಗುವ ಹಕ್ಕು ಮೊದಲು ಯಾರದೆಂಬುದು ಅದರಲ್ಲಿ ತಿರುಗಾಡಿದವರಿಗೆ ಗೊತ್ತು. 1971ರ ಕಡೆಯ ಖೆಡ್ಡಾದವರೆಗೆ ಆನೆಗಳನ್ನು ಹಿಡಿದ ನೆಲವಿದು. ಈಗ ಆನೆಗಳೇ ಬಸ್ಸನ್ನು ಹಿಡಿದು ನಿಲ್ಲಿಸುತ್ತವೆ.

ಹಿರಿಯರು ಕೇಳುವ ಇನ್ನೊಂದು ಪ್ರಶ್ನೆಯನ್ನು ಇಲ್ಲಿಯೇ ಮುಗಿಸುವೆವು. ಕಪ್ಪೆಯನ್ನು ಕೊಯ್ಯುವ ಪಾಪವು ಮಗುವಿಗೆ ತಟ್ಟೀತೇ ಎಂದು ಒಬ್ಬ ಅಜ್ಜಿ ನಮ್ಮನ್ನು ಕೇಳಿದ್ದರು. ಆ ಕಾಲ ಹೋಯಿತು. ಪದವಿ ಕಾಲೇಜುಗಳಲ್ಲಿಯೇ 2014ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಪ್ರಾಣಿಗಳ ಛೇದನವನ್ನು ನಿಲ್ಲಿಸುವಂತೆ ಸೂಚಿಸಿತು. ಈಗಿನ ಮಕ್ಕಳ ಪ್ರಯೋಗಕ್ಕೆ ಬೇಕಾದುದು ಬಹುಮಟ್ಟಿಗೆ ಅಡಿಗೆಯ ಮನೆಯಲ್ಲಿಯೇ ಉಂಟು: ನೀರು ಹೇಗೆ ಒಳಸೇರುವುದೆಂದು ತೋರಿಸಲು ಆಲೂಗೆಡ್ಡೆ, ಎಲೆಯ ಬಣ್ಣಗಳನ್ನು ಕಾಗದದ ಮೇಲೆ ಬೇರೆಬೇರೆಯಾಗಿ ಹರಿಯಿಸಲು ಪಾಲಕ್ ಸೊಪ್ಪು, ಹೂವಿನ ಅಂಗಗಳಿಗೆ ಹಿತ್ತಲಿನ ದಾಸವಾಳ, ಕೋಶವಿಭಜನೆಗೆ ಈರುಳ್ಳಿ.

ಹೊಲವೂ ಉಂಟು. ಹುಣಸೂರು ಪಿರಿಯಾಪಟ್ಟಣಗಳ ಕಡೆಯಿಂದ ಬರುತ್ತಿದ್ದ ಮಕ್ಕಳ ಮನೆಗಳಲ್ಲಿ ಹೊಗೆಸೊಪ್ಪಿನ ಬೇಸಾಯವೇ ಹೆಚ್ಚು. ವೈರಾಣುಗಳ ಪಾಠವು ಬಂದ ದಿನ ಒಬ್ಬ ಹುಡುಗನು ಮಚ್ಚೆಮಚ್ಚೆಯಾಗಿ ಬಣ್ಣಗೆಟ್ಟ ಎಲೆಯೊಂದನ್ನು ತಂದು, ತನ್ನ ತಂದೆಯ ಗಿಡಗಳಿಗೆ ಬಂದ ರೋಗವೇ ಪುಸ್ತಕದಲ್ಲಿರುವುದೇ ಎಂದು ಕೇಳಿದನು. ಹೊಗೆಸೊಪ್ಪಿನ ಮಚ್ಚೆರೋಗದ ಕಾರಣವು ಬ್ಯಾಕ್ಟೀರಿಯವನ್ನು ತಡೆಯುವ ಶೋಧಕದಲ್ಲಿಯೂ ನುಸುಳುವುದೆಂದು 1892ರಲ್ಲಿ ರಷ್ಯದ ಇವಾನೋವ್‌ಸ್ಕಿಯು ತೋರಿಸಿದುದು, 1898ರಲ್ಲಿ ಹಾಲೆಂಡಿನ ಬೈಯೆರಿಂಕನು ಅದೊಂದು ಹೊಸ ಬಗೆಯ ಸಾಂಕ್ರಾಮಿಕವಸ್ತುವೆಂದುದು, 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿಯು ಅದನ್ನು ಹರಳಾಗಿ ಪಡೆದುದು, ಎಲ್ಲವೂ ಆ ಒಂದು ಎಲೆಯ ಸುತ್ತ ಅಂದು ನಡೆದುಹೋಯಿತು. ನಾವು ಆ ಗಂಟೆ ಸಂಧಿಪ್ರಕರಣವನ್ನು ನಿಲ್ಲಿಸಿ ಮಕ್ಕಳನ್ನು ಸುಮ್ಮನೆ ಕೇಳಲು ಬಿಟ್ಟೆವು.

ಇನ್ನು ಮುಖ್ಯವಾದ ಕಟ್ಟಳೆಗೆ ಬರುವೆವು. ಪ್ರತಿಯೊಬ್ಬರೂ ಒಂದು ಪ್ರಯೋಗದ ಪುಸ್ತಕವನ್ನು ಇಟ್ಟಿರಬೇಕು. ಗೆರೆಯಿಲ್ಲದ ಪುಟದಲ್ಲಿ ಸೀಸದ ಕಡ್ಡಿಯಿಂದ ಚಿತ್ರ, ಗೆರೆಯ ಪುಟದಲ್ಲಿ ವಿವರಣೆ. ಕಂಡದ್ದನ್ನೇ ಬರೆಯತಕ್ಕದ್ದು, ಕಾಣದ್ದನ್ನು ಬರೆಯಕೂಡದು. ಮೇಲ್ನೋಟಕ್ಕೆ ಇದಕ್ಕಿಂತ ಸುಲಭವಾದುದಿಲ್ಲ. ವಾಸ್ತವದಲ್ಲಿ ಮಾತ್ರ ಆ ಪುಸ್ತಕವು ಹಿಂದಿನ ವರ್ಷದವರ ಪುಸ್ತಕದ ನಕಲಾಗಿರುವುದೇ ಬಹಳ. ಹಣ ಕೊಟ್ಟು ಕೈ ಕುದುರಿದವರಿಂದ ಚಿತ್ರ ಬರೆಯಿಸುವ ತಂದೆತಾಯಿಗಳೂ ಉಂಟು. ಚಿತ್ರವು ಅಂದವಾಗಿರುತ್ತದೆ, ಮಗುವು ಏನನ್ನೂ ನೋಡಿರುವುದಿಲ್ಲ.

ಇದನ್ನು ಹೇಳಲು ನಮಗೆ ಅರ್ಹತೆಯುಂಟೇ ಎಂದು ನಾವೇ ಕೇಳಿಕೊಳ್ಳುವುದುಂಟು. ಬಾಲ್ಯದಲ್ಲಿ ಅಮರಕೋಶದ ವನೌಷಧಿವರ್ಗವನ್ನು ಉರುಹೊಡೆದವರು ನಾವು. ಅರ್ಜುನವೃಕ್ಷವೆಂದರೆ ಕಕುಭ, ಇಂದ್ರದ್ರು ಎಂದು ಪರ್ಯಾಯಪದಗಳು ತಾವಾಗಿ ನಾಲಗೆಗೆ ಬರುತ್ತವೆ. ಕಪಿಲೆಯ ದಡದಲ್ಲಿ ದಿನವೂ ಕಾಣುತ್ತಿದ್ದ ಹೊಳೆಮತ್ತಿಯೇ ಆ ಮರವೆಂಬುದು ನಮಗೆ ಐವತ್ತು ದಾಟಿದ ಮೇಲೆ ತಿಳಿಯಿತು. ತೋರಿಸಿಕೊಟ್ಟವಳು ಜೇನುಕುರುಬರ ಹಾಡಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ. ನ್ಯಾಯಶಾಸ್ತ್ರದಲ್ಲಿ ಉಪಮಾನಪ್ರಮಾಣಕ್ಕೆ ಗವಯದ ದೃಷ್ಟಾಂತವನ್ನು ಕೊಡುತ್ತಾರೆ. ಗೋವನ್ನು ಹೋಲುವ ಗವಯವೆಂಬ ಮೃಗವುಂಟೆಂದು ವನವಾಸಿಯಿಂದ ಕೇಳಿದ ಊರಿನವನು, ಅಡವಿಗೆ ಹೋಗಿ ಅದನ್ನು ಕಂಡು, ಇದೇ ಗವಯವೆಂದು ಅರಿಯುತ್ತಾನೆ. ಆಸಕ್ತಿಯುಳ್ಳ ಹುಡುಗರಿಗೆ ನಾವು ಇದನ್ನು ಎಷ್ಟು ಸಾರಿ ಹೇಳಿದೆವೋ! ಕಾಟಿಗಳು ಮೇಯುವ ಕಾಡು ಪಕ್ಕದಲ್ಲಿಯೇ ಇದ್ದರೂ, ಅಡವಿಗೆ ಹೋಗಿ ಎಂಬ ಭಾಗವನ್ನು ಮಾತ್ರ ನಾವು ಎಂದೂ ಆಚರಿಸಲಿಲ್ಲ.

ಆ ಹುಡುಗಿಯ ವಿಚಾರವನ್ನೇ ಇನ್ನಷ್ಟು ಹೇಳಬೇಕಾಗಿದೆ. ಆಕೆಯ ತಂದೆ ಅರಣ್ಯ ಇಲಾಖೆಯಲ್ಲಿ ಕಾವಲುಗಾರ. ದ್ವಿತೀಯ ಪಿಯುಸಿಯ ಪುಸ್ತಕದಲ್ಲಿ, ಹುಲಿಗಳ ಗಣತಿಯನ್ನು ಹೆಜ್ಜೆಗುರುತು ಮತ್ತು ಮಲಗಳ ಆಧಾರದಿಂದ ಮಾಡುವುದುಂಟೆಂಬ ಅರ್ಥದ ಮಾತಿತ್ತು. ಆಕೆ ಎದ್ದುನಿಂತು, ತನ್ನ ಅಪ್ಪ ಕಾಡುದಾರಿಯ ಎರಡು ಕಡೆಗೂ ಎದುರುಬದುರಾಗಿ ಕ್ಯಾಮರಾ ಕಟ್ಟಿಬರುವರೆಂದೂ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ ಪಟ್ಟೆಗಳಿಂದಲೇ ಗುರುತು ಹಿಡಿಯುವರೆಂದೂ ಹೇಳಿದಳು. ಅದು ನಿಜವೇ. ಡಾ. ಉಲ್ಲಾಸ ಕಾರಂತರು ಇದೇ ನಾಗರಹೊಳೆಯ ಕಾಡಿನಲ್ಲಿ ಆ ವಿಧಾನವನ್ನು ರೂಪಿಸಿ 1995ರಲ್ಲಿ ಪ್ರಕಟಿಸಿದರು. ಸರಿಸ್ಕಾದ ಹುಲಿಗಳೆಲ್ಲ ಇಲ್ಲವಾದುದು ಬೆಳಕಿಗೆ ಬಂದಮೇಲೆ, 2006ರಿಂದ ದೇಶದ ಗಣತಿಯಲ್ಲಿಯೂ ಹೆಜ್ಜೆಗುರುತಿನ ಹಳೆಯ ಲೆಕ್ಕವನ್ನು ಬಿಟ್ಟು ಕ್ಯಾಮರಾಗಳ ಮಾರ್ಗವನ್ನು ಹಿಡಿದರು. ಜಗತ್ತಿಗೇ ಮಾದರಿಯಾದುದು ಹಾಡಿಯ ಬಾಗಿಲಿನಲ್ಲಿದೆ. ಹಾಡಿಯ ಮಗುವಿನ ಪುಸ್ತಕದಲ್ಲಿರಲಿಲ್ಲ.

ಆ ಬಳಿಕ ಒಂದು ತರಬೇತಿ ಕೇಂದ್ರದವರು ನಡೆಸಿದ ಮಾದರಿ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತು. ಆಕೆ ಕ್ಯಾಮರಾ ಎಂಬುದನ್ನು ಗುರುತುಮಾಡಿ ನಾಲ್ಕನ್ನು ಕಳೆದುಕೊಂಡು, ಮೇಲೊಂದು ದಂಡವನ್ನೂ ತೆತ್ತಳು. ಐದು ಅಂಕವೆಂದರೆ ಆ ಪರೀಕ್ಷೆಗಳಲ್ಲಿ ಸಾವಿರಾರು ಜನರ ಹಿಂದೆ ಬಿದ್ದಂತೆ. ಆಕೆಯ ತಂದೆ ನಮ್ಮಲ್ಲಿಗೆ ಬಂದು, “ಸ್ವಾಮಿ, ನನ್ನ ಮಾತು ಕೇಳಿ ಮಗು ಕೆಟ್ಟಿತು” ಎಂದರು. ನಮಗೆ ಉತ್ತರ ತೋಚಲಿಲ್ಲ. ಅಧ್ಯಾಪಿಕೆಯವರನ್ನು ಕೇಳಿದೆವು. ಪರೀಕ್ಷೆಯು ಪುಸ್ತಕವನ್ನು ಕೇಳಿದಲ್ಲಿ ಪುಸ್ತಕವನ್ನು ಹೇಳಬೇಕು, ಪ್ರಯೋಗದ ಪುಸ್ತಕದಲ್ಲಿ ಮಾತ್ರ ಯಾರ ಮಾತನ್ನೂ ಬರೆಯಕೂಡದು, ಎರಡನ್ನೂ ಬೆರಸದೆ ಇಟ್ಟುಕೊಳ್ಳುವುದನ್ನೇ ನಾನು ಕಲಿಸುವುದು ಎಂದರು. ಈ ಸಮಾಧಾನವು ನಮಗೆ ಪೂರ್ತಿ ಒಪ್ಪಿಗೆಯಾಯಿತೆಂದು ಹೇಳಲಾರೆವು. ಆದರೆ ಇದಕ್ಕಿಂತ ಉತ್ತಮವಾದುದು ಇಂದಿಗೂ ನಮಗೆ ಹೊಳೆದಿಲ್ಲ.

ಅದೇ ವರ್ಷ ಈರುಳ್ಳಿಯ ಬೇರಿನ ಪ್ರಯೋಗ ನಡೆಯಿತು. ಬೇರಿನ ತುದಿಯನ್ನು ಬಣ್ಣದಲ್ಲಿ ನೆನೆಯಿಸಿ, ಗಾಜಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೋಶವು ಎರಡಾಗುವ ಹಂತಗಳು ಕಾಣಬೇಕು. ಪುಸ್ತಕದಲ್ಲಿ ಹಂತಗಳೆಲ್ಲ ಸಾಲಾಗಿ ಅಚ್ಚಾಗಿವೆ. ತರಗತಿಯವರೆಲ್ಲ ಅವನ್ನು ಸಾಲಾಗಿ ಬರೆದರು. ಈಕೆ ಮಾತ್ರ ಒಂದೇ ಬಗೆಯ ಇಪ್ಪತ್ತು ಕೋಶಗಳನ್ನು ಬರೆದು, ‘ಈ ದಿನ ವಿಭಜನೆ ಕಾಣಲಿಲ್ಲ’ ಎಂದು ಕೆಳಗೆ ಸೇರಿಸಿದಳು. ಅಧ್ಯಾಪಿಕೆಯವರು ಆ ಒಂದು ಪುಸ್ತಕಕ್ಕೆ ರುಜುಹಾಕಿ ಉಳಿದವನ್ನೆಲ್ಲ ಹಿಂದಿರುಗಿಸಿದರು. ಆ ಬೇರುಗಳನ್ನು ಮಧ್ಯಾಹ್ನದಲ್ಲಿ ಕತ್ತರಿಸಿದ್ದರು. ವಿಭಜನೆಯು ಹೆಚ್ಚಾಗಿ ಕಾಣಬೇಕಾದರೆ ಬೆಳಗ್ಗೆ ಎಂಟರಿಂದ ಹತ್ತರೊಳಗೆ ಕತ್ತರಿಸಿ ಕೂಡಲೆ ದ್ರಾವಣದಲ್ಲಿ ಹಾಕಬೇಕಂತೆ. ಇಪ್ಪತ್ತು ಚಿತ್ರಗಳ ಆ ಪುಟದಿಂದ ಈ ತಪ್ಪು ಹೊರಬಿದ್ದಿತು; ನಕಲುಗಳಿಂದ ಎಂದಿಗೂ ಹೊರಬೀಳುತ್ತಿರಲಿಲ್ಲ.

ಮತ್ತೊಮ್ಮೆ ಮಾಡಬೇಕೆಂದು ಆಕೆಗೆ ಆಸೆ. ಹಾಡಿಯ ಬಸ್ಸು ಬರುವುದಾದರೋ ಆನೆಯ ಅನುಮತಿಯ ಮೇಲೆ. ಅಧ್ಯಾಪಿಕೆಯವರು ದೂರದೂರಿನವರು. ನಮ್ಮ ಮನೆಯು ಶಾಲೆಯ ಎದುರಿಗೇ ಇದ್ದುದರಿಂದ, ನೀರು ತುಂಬಿದ ಬಾಟಲಿಯ ಬಾಯಲ್ಲಿ ಬುಡವು ನೀರಿಗೆ ತಾಗುವಂತೆ ಕೂರಿಸಿದ ಈರುಳ್ಳಿಯೊಂದು ನಮ್ಮ ಅಡಿಗೆಯ ಮನೆಯ ಕಿಟಕಿಯಲ್ಲಿ ಪ್ರತಿಷ್ಠಿತವಾಯಿತು. ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಮದ್ಯಸಾರ ಬೆರಸಿದ ಸೀಸೆಯು ವಿಷವೆಂಬ ಚೀಟಿಯೊಡನೆ ಬಂದಿತು. ಮದ್ಯಸಾರವನ್ನು ದೇವರ ಮನೆಯ ಮಗ್ಗುಲಲ್ಲಿ ಇಡುವುದೆಂತು ಎಂದು ನಮ್ಮ ಮನೆಯವರು ಮೊದಲು ಮುಖ ಗಂಟಿಕ್ಕಿದರು. ಕಡೆಗೆ ಅದನ್ನು ಜಗುಲಿಯ ಗೂಡಿನಲ್ಲಿಟ್ಟು, ಪೂಜೆಯನ್ನು ಮುಗಿಸಿ, ಸರಿಯಾಗಿ ಎಂಟು ಗಂಟೆಗೆ ತಾವೇ ಕತ್ತರಿ ಹಿಡಿದು ಬೇರಿನ ತುದಿಗಳನ್ನು ಕತ್ತರಿಸಿ ಸೀಸೆಗೆ ಹಾಕಿದರು. ಎರಡು ಸಾರಿ ಕಾರ್ಯ ಕೆಟ್ಟಿತು. ಒಮ್ಮೆ ಬೇರು ಬೆಂದುಹೋಯಿತು, ಇನ್ನೊಮ್ಮೆ ಗಾಜು ಒಡೆಯಿತು, ತಿಳಿಸಿದ್ದರಿಂದ ದಂಡವಾಗಲಿಲ್ಲ.

ಮನೆಯವರಿಗೆ ಹೇಳತಕ್ಕದ್ದು ಬಹಳವಿಲ್ಲ. ಚಿತ್ರವು ಸೊಟ್ಟಗಿದ್ದರೂ ಮಗುವೇ ಬರೆಯಲಿ. ಈರುಳ್ಳಿಗೊಂದು ಕಿಟಕಿಯನ್ನು ಬಿಟ್ಟುಕೊಡಿರಿ. ಮನೆಯಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇರಲಿ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಶಿಷ್ಯರನ್ನು ಕಟ್ಟಿಕೊಂಡು ಕಾಡು ತಿರುಗಿದ ಆ ಅಧ್ಯಾಪಕರು ಗಿಡಗಳ ಚಿತ್ರಗಳನ್ನೂ ತಾವೇ ಬರೆದವರು.

ಮೂರನೆಯ ಸಾರಿಯ ದಿನ ಆಕೆ ಗೋಡೆಯಾಚೆಯಿಂದ “ಮೇಷ್ಟ್ರೇ, ಬನ್ನಿ” ಎಂದು ಕೂಗಿದಳು. ನಾವು ಪಾಠವನ್ನು ಬಿಟ್ಟು ಹೋದೆವು. ಸೂಕ್ಷ್ಮದರ್ಶಕಕ್ಕೆ ನಾವು ಕಣ್ಣಿಟ್ಟದ್ದು ಅದೇ ಮೊದಲು. ಬಹಳ ಹೊತ್ತು ನಮ್ಮ ರೆಪ್ಪೆಯ ಕೂದಲೇ ಕಂಡಿತು. ಆಕೆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಏನು ಕಾಣಿಸುತ್ತದೆಂದು ಕೇಳಿದಳು. ವರ್ಣತಂತುಗಳೆಂದು ಹೇಳಿ, ಪದದ ವ್ಯುತ್ಪತ್ತಿಯನ್ನೂ ತೊಡಗಿದೆವು.

“ಹೆಸರು ನನಗೂ ಗೊತ್ತು ಮೇಷ್ಟ್ರೇ, ಏನು ಕಾಣಿಸ್ತದೆ ಹೇಳಿ” ಎಂದಳು.

ಮತ್ತೆ ನೋಡಿದೆವು. ಇಟ್ಟಿಗೆಯಂತಹ ಒಂದು ಮನೆ. ಅದರೊಳಗೆ ಕೆಂಪುದಾರದ ತುಂಡುಗಳು ಎರಡು ಹಿಡಿ. ಒಂದು ಹಿಡಿಯನ್ನು ಯಾರೋ ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಎಳೆಯುತ್ತಿದ್ದು, ನಾವು ಬಂದೆವೆಂದು ಅಷ್ಟಕ್ಕೇ ನಿಲ್ಲಿಸಿದ ಹಾಗಿತ್ತು. ಹಾಗೆಂದೇ ಹೇಳಿದೆವು. ಆಕೆ ಸೀಸದ ಕಡ್ಡಿಯನ್ನು ಚೂಪುಮಾಡಿಕೊಂಡು ಬರೆಯತೊಡಗಿದಳು.