ಕೊನೇ ಗಳಿಗೆಗೆ ಎಷ್ಟು ನಿಮಿಷ?

ಮೈಸೂರಿನ ಲಕ್ಷ್ಮೀಪುರಂನ ಹಳೇ ಮನೆಯೊಂದರಲ್ಲಿ ನಾಮಕರಣ. ಸೋದರತ್ತೆ ಇನ್ನೂ ಬಂದಿಲ್ಲ. ‘ಗಳಿಗೆ ಮೀರ್ತಾ ಇದೆ, ಎಲ್ಲಿದ್ದಾಳೋ ಕೇಳ್ರೋ’ ಎಂದು ಅಜ್ಜಿ ಬಾಗಿಲಿಗೂ ತೊಟ್ಟಿಲಿಗೂ ಓಡಾಡುತ್ತಿದ್ದರು. ಅತ್ತೆ ಏದುಸಿರು ಬಿಡುತ್ತ ಬಂದಾಗ ಮೊಮ್ಮಗಳು ‘ಇಲೆವೆಂತ್ ಅವರ್’ ಎಂದಳು. ಅಜ್ಜಿ, ‘ಕೊನೇ ಗಳಿಗೇಲಿ ಬಂದ್ಯಲ್ಲೇ!’ ಎಂದರು.

ಮೊಮ್ಮಗಳ ಮಾತಿನ ಮೂಲವನ್ನು ಬೈಬಲ್ಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಗುರುತಿಸುತ್ತಾರೆ. ದ್ರಾಕ್ಷಿತೋಟದ ಯಜಮಾನ ಬೆಳಗಿನಿಂದ ಆಳುಗಳನ್ನು ಕರೆಯುತ್ತಲೇ ಇರುತ್ತಾನೆ. ಹೊತ್ತು ಮುಳುಗಲು ಒಂದು ಗಂಟೆಯಷ್ಟೇ ಇರುವಾಗ ಬಂದವರಿಗೂ ಪೂರ್ತಿ ದಿನದ ಕೂಲಿ ಕೊಡುತ್ತಾನೆ. ಅಲ್ಲಿ ಹಗಲಿಗೆ ಹನ್ನೆರಡು ಪಾಲು, ಎಣಿಕೆ ಸೂರ್ಯೋದಯದಿಂದ. ಹಾಗಾಗಿ ಹನ್ನೊಂದು ಎಂದರೆ ಇಳಿಹೊತ್ತು, ಸುಮಾರು ಸಂಜೆ ಐದು. ಇದನ್ನು ಕನ್ನಡದಲ್ಲಿ ‘ಹನ್ನೊಂದನೇ ಗಂಟೆ’ ಎಂದು ಬರೆದದ್ದು ಕಂಡರೆ ನನಗೆ ಸಂಕಟವಾಗುತ್ತದೆ. ನಮ್ಮವರ ಕಿವಿಗೆ ಅದು ನಡುರಾತ್ರಿಯ ಹತ್ತಿರ.

ಅಜ್ಜಿಯ ಗಳಿಗೆ ಹುಟ್ಟಿದ್ದು ನೀರಿನಲ್ಲಿ. ತಳದಲ್ಲಿ ಸಣ್ಣ ತೂತಿರುವ ಲೋಹದ ಬಟ್ಟಲನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಿಬಿಡುತ್ತಿದ್ದರು. ನೀರು ಮೆಲ್ಲಗೆ ಒಳಬಂದು ಬಟ್ಟಲು ಮುಳುಗಿದರೆ ಒಂದು ಗಳಿಗೆ, ಈಗಿನ 24 ನಿಮಿಷ. ಹಗಲು ರಾತ್ರಿ ಸೇರಿ 60 ಗಳಿಗೆ. ಎರಡು ಗಳಿಗೆಗೆ ಒಂದು ಮುಹೂರ್ತ, ಏಳೂವರೆಗೆ ಒಂದು ಜಾವ. ಮದುವೆಮನೆಯಲ್ಲಿ ಪುರೋಹಿತರ ಕಣ್ಣು ಈ ಗಳಿಗೆಬಟ್ಟಲ ಮೇಲೆಯೇ ಇರುತ್ತಿತ್ತು. ಪದದ ಮೂಲ ಸಂಸ್ಕೃತದ ಘಟಿಕಾ, ಅಂದರೆ ಪುಟ್ಟ ಮಡಕೆ. ಉತ್ತರ ಕರ್ನಾಟಕದ ‘ತಾಸು’ ಕೂಡ ಬಟ್ಟಲೇ, ಅರಬ್ಬಿಯಿಂದ ಬಂದದ್ದು. ಹೊತ್ತು ತಿಳಿಸಲು ಬಾರಿಸುತ್ತಿದ್ದ ಗಂಟೆಯ ಹೆಸರೇ ಹೊತ್ತಿನ ಅಳತೆಗೂ ಬಂತು.

ಗಳಿಗೆ ಅಳತೆಯಾಗಿ ಈಗ ಉಳಿದಿರುವುದು ಹೆಚ್ಚಾಗಿ ಪಂಚಾಂಗದ ಘಟಿ–ವಿಘಟಿಗಳಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಅರಮನೆ ನೌಕರರು 1927ರಲ್ಲಿ ಕಟ್ಟಿಸಿದ ದೊಡ್ಡ ಗಡಿಯಾರ ಇದೇ ಊರಿನಲ್ಲಿದೆ. ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು, ತೋರಿಸುವುದು ಗಂಟೆ–ನಿಮಿಷ. ಆದರೂ ಒಳ್ಳೇ ಗಳಿಗೆ, ಕೆಟ್ಟ ಗಳಿಗೆ, ಗಳಿಗೆಗೊಂದು ಮಾತು ಎನ್ನುವುದನ್ನು ನಾವು ಬಿಟ್ಟಿಲ್ಲ. ಕೈಗಡಿಯಾರ ಕಟ್ಟಿಕೊಂಡೇ ‘ಒಂದು ಗಳಿಗೆ ಕೂತ್ಕೊಳ್ಳಿ’ ಎನ್ನುತ್ತೇವೆ.

ಲೆಕ್ಕ ಹಾಕಿದರೆ ತೋಟದ ಕೊನೆಯ ಆಳಿಗೆ ಎರಡೂವರೆ ಗಳಿಗೆಯಷ್ಟು ಹೊತ್ತಿತ್ತು. ಅಜ್ಜಿಯ ಮಾತು ಅದಕ್ಕಿಂತ ಬಿಗಿ: ಆರೂವರೆಗೆ ಸೂರ್ಯ ಮುಳುಗುವ ದಿನ ಹಗಲಿನ ಕೊನೇ ಗಳಿಗೆ ಶುರುವಾಗುವುದು ಆರು ಗಂಟೆ ಆರು ನಿಮಿಷಕ್ಕೆ. ಲಕ್ಷ್ಮೀಪುರಂನ ಮನೆಗಳಲ್ಲಿ ದೇವರ ದೀಪಕ್ಕೆ ಬತ್ತಿ ಹೊಸೆಯುವ ಹೊತ್ತಿಗೆ.